ಮೂಗಿಗೊಪ್ಪುವ ಉಪ್ಪು

ಸಿರಾ ಪೇಟೆಯಲ್ಲಿ ಜಹೀದಾಳ ಮಸಾಲೆ ಮಿಲ್ಲು ಅಂದರೆ ಸುತ್ತಲ ಹಳ್ಳಿಯ ಹೆಂಗಸರಿಗೆ ಬಲು ನಂಬಿಕೆ. ಬೇರೆ ಮಿಲ್ಲಿನವರು ಪುಡಿ ಮಾಡಿಕೊಡುತ್ತಾರೆ, ಅಷ್ಟೆ. ಜಹೀದಾ ಹುರಿದೂ ಕೊಡುತ್ತಿದ್ದಳು. ಕೊತ್ತಂಬರಿ ಬೀಜದ ಘಮ ಮೂಗಿಗೆ ಬಡಿದ ಕೂಡಲೇ ಬಾಣಲೆ ಇಳಿಸುವಳು; ಒಂದು ಚಣ ಹೆಚ್ಚಿಲ್ಲ, ಒಂದು ಚಣ ಕಡಿಮೆಯಿಲ್ಲ.

ಆ ಮೂಗೇ ಈ ಬೇಸಿಗೆಯಲ್ಲಿ ಕೈಕೊಟ್ಟಿತು. ವರ್ಷಗಟ್ಟಲೆ ಕುಡಿದ ಮೆಣಸಿನಕಾಯಿ ದೂಳಿನಿಂದಲೋ ಏನೋ, ಮೊದಲು ಸೀನು, ಆಮೇಲೆ ಕಟ್ಟಿದ ಮೂಗು, ಕೊನೆಗೆ ವಾಸನೆಯೇ ಮಾಯ. ಬಣ್ಣ ನೋಡಿ ಹುರಿದರಾಯಿತು ಎಂದುಕೊಂಡು ಅವಳು ಯಾರಿಗೂ ಹೇಳದೆ ಉಳಿದಳು.

ಅದು ಬಯಲಾದದ್ದು ಅಶ್ವತ್ಥಮ್ಮನಿಂದ. ಮಧುಗಿರಿ ದಾರಿಯ ಹಳ್ಳಿಯೊಂದರ ಈ ಹೆಂಗಸು ಸಂತೆಗೆ ಬಂದಾಗಲೆಲ್ಲ ಸಾರಿನ ಪುಡಿಗೆ ಸಾಮಾನು ತಂದು, ಮಿಲ್ಲಿನ ಸ್ಟೂಲಿನ ಮೇಲೆ ಕೂತು ಊರ ಸುದ್ದಿಯೆಲ್ಲ ಹೇಳಿಯೇ ಏಳುವವಳು. ಅವತ್ತು ಮಾತಿನ ನಡುವೆ ಎದ್ದು ನಿಂತುಬಿಟ್ಟಳು.

"ಜಹೀದಮ್ಮಾ, ಸೀದೋಯ್ತಲ್ಲೇ! ವಾಸ್ನೆ ಬರ್ತಿಲ್ವಾ ನಿಂಗೆ?"

ಬಾಣಲೆಯಿಂದ ಹೊಗೆ ಏಳುತ್ತಿತ್ತು. ಜಹೀದಾ ಏನೋ ನೆಪ ಹೇಳಲು ಬಾಯಿ ತೆರೆದಳು, ಬಂದದ್ದು ಸೀನು. "ಇಲ್ಲ ಅಕ್ಕ," ಎಂದಳು ಮೂಗೊರೆಸಿಕೊಂಡು, "ಏನೂ ಬರ್ತಿಲ್ಲ. ಬಹಳ ದಿನ ಆಯ್ತು."

ಅಶ್ವತ್ಥಮ್ಮನ ಸಿಟ್ಟು ನಿಂತಲ್ಲೇ ಇಳಿಯಿತು. "ಅಯ್ಯೋ ಶಿವನೇ, ಮೂಗಿಲ್ದೆ ಮಿಲ್ ನಡೆಸ್ತಿದ್ದೀಯಾ? ಮೊದ್ಲು ಡಾಕ್ಟ್ರತ್ರ ಹೋಗು. ನಾನಿಲ್ಲೇ ಕುಂತಿರ್ತೀನಿ."

ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. ಒಳಗೆಲ್ಲ ಊದಿಕೊಂಡಿದೆ, ದೂಳು ಕೂತಿದೆ ಎಂದರು. ಒಂದು ಸ್ಪ್ರೇ, ಮುಖಕ್ಕೆ ಮಾಸ್ಕು, ಜೊತೆಗೆ ದಿನಾ ಉಪ್ಪುನೀರಿನಲ್ಲಿ ಮೂಗು ತೊಳೆಯಬೇಕು. ಅದಕ್ಕೊಂದು ಬಾಟಲಿ, ಅಳತೆ ಮಾಡಿದ ಉಪ್ಪಿನ ಪೊಟ್ಟಣಗಳು. "ಕುದಿಸಿ ಆರಿಸಿದ ನೀರೇ ಆಗಬೇಕಮ್ಮ, ನಲ್ಲಿ ನೀರು ಬೇಡ," ಎಂದು ಎರಡೆರಡು ಸಲ ಹೇಳಿದರು.

ಮನೆಯಲ್ಲಿ ಗಂಡ ಇಸ್ರಾರ್ ಪೊಟ್ಟಣ ನೋಡಿ ಗಾಬರಿಯಾದ. ಅವನಿಗೆ ಬಿಪಿ. ಉಪ್ಪು ಕಂಡರೆ ಹಾವು ಕಂಡಂತೆ. "ಇದೆಲ್ಲ ಮೈಗೆ ಹತ್ತುತ್ತೆ ಜಹೀದಾ. ತೊಳೆಯೋಕೆ ಬರೀ ನೀರು ಸಾಲದಾ?"

ಹೌದಲ್ಲ ಅನ್ನಿಸಿತು ಅವಳಿಗೆ. ಕುದಿಸಿ ಆರಿಸಿದ ಬರೀ ನೀರನ್ನೇ ಬಾಟಲಿಗೆ ತುಂಬಿ, ಸಿಂಕಿನ ಮೇಲೆ ಬಗ್ಗಿ ಒಂದು ಹೊಳ್ಳೆಗೆ ಒತ್ತಿದಳು. ಮರುಕ್ಷಣ, "ಯಾ ಅಲ್ಲಾ!" ಎಂಬ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು. ಗುಂಟೂರು ಮೆಣಸಿನಕಾಯಿಯನ್ನು ನೇರ ನೆತ್ತಿಗೆ ಏರಿಸಿದಂಥ ಉರಿ.

"ಉಪ್ಪೇ ಬೇಕಾ? ತಗೋ ಹಾಗಾದ್ರೆ!" ಎಂದು ಮೂಗಿನ ಮೇಲೇ ಸಿಟ್ಟಾಗಿ, ಪೊಟ್ಟಣ ಹುಡುಕುವ ತಾಳ್ಮೆಯೂ ಇಲ್ಲದೆ ಅಡುಗೆ ಉಪ್ಪನ್ನು ಒಂದು ಹಿಡಿ ಸುರಿದು ಮತ್ತೆ ಒತ್ತಿದಳು. ಈ ಸಲದ ಉರಿ ಇನ್ನೂ ಜೋರು. ಕಣ್ಣಿಂದ ನೀರು ಧಾರಾಕಾರ.

ಪಿಯುಸಿ ಓದುತ್ತಿದ್ದ ಮಗಳು ಐಮನ್ ಓಡಿಬಂದಳು. ಮೊದಲು ಹೊಟ್ಟೆ ತುಂಬ ನಕ್ಕಳು. ಆಮೇಲೆ ಟವೆಲ್ ಕೊಟ್ಟು ಕೇಳಿದಳು: "ಅಮ್ಮಿ, ಇಷ್ಟು ಕಣ್ಣೀರು ಸುರೀತಿದೆಯಲ್ಲ, ಕಣ್ಣು ಉರೀತಿದ್ಯಾ?"

"ಕಣ್ಣು ಯಾಕೆ ಉರಿಯುತ್ತೆ? ಉರೀತಿರೋದು ಮೂಗು!"

"ಅದೇ ಹೇಳ್ತಿರೋದು. ಮೈಯೊಳಗಿನ ನೀರಲ್ಲಿ ಎಷ್ಟು ಉಪ್ಪಿದೆಯೋ ಕಣ್ಣೀರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಅದಕ್ಕೇ ಜಗಳ ಇಲ್ಲ. ಒಣದ್ರಾಕ್ಷೀನ ಬರೀ ನೀರಲ್ಲಿ ನೆನೆಹಾಕಿದ್ರೆ ಏನಾಗುತ್ತೆ?"

"ಉಬ್ಬುತ್ತೆ."

"ನಿಮ್ಮ ಮೂಗೊಳಗಿನ ಜೀವಕೋಶಗಳೂ ಹಂಗೇ. ಬರೀ ನೀರು ಒಳಗೆ ನುಗ್ಗಿ ಉಬ್ಬಿಸಿತು."

ಜಹೀದಾ ಟವೆಲ್ ಇಳಿಸಿದಳು. "ಉಪ್ಪು ಜಾಸ್ತಿಯಾದಾಗ? ಉಪ್ಪಿನಕಾಯಿ ಹಾಕುವಾಗ ಮಾವಿನಕಾಯಿ ನೀರು ಬಿಟ್ಟು ಮುದುಡುತ್ತಲ್ಲ, ಹಂಗಾ?"

"ಅದೇ ಅಮ್ಮಿ! ಆಸ್ಮೋಸಿಸ್ ಅಂತಾರೆ. ಉಪ್ಪು ಜಾಸ್ತಿ ಇರೋ ಕಡೆಗೆ ನೀರು ಓಡುತ್ತೆ."

ಬಾಗಿಲಲ್ಲಿ ನಿಂತಿದ್ದ ಇಸ್ರಾರ್ ಮೆಲ್ಲಗೆ ಕೇಳಿದ: "ಮತ್ತೆ ನನ್ನ ಬಿಪಿ?"

"ನಿಮ್ಮ ಭಯ ಸುಳ್ಳಲ್ಲ ಅಬ್ಬಾ. ರಕ್ತದಲ್ಲಿ ಉಪ್ಪು ಹೆಚ್ಚಾದ್ರೆ ಅದೂ ನೀರನ್ನ ಎಳ್ಕೊಳ್ಳುತ್ತೆ, ಬಿಪಿ ಏರುತ್ತೆ. ಆದ್ರೆ ಅಮ್ಮಿ ಇದನ್ನ ಕುಡಿಯಲ್ಲ, ಸಿಂಕಿಗೆ ಚೆಲ್ತಾರೆ."

ಉರಿ ಇಳಿದ ಮೇಲೆ ಐಮನ್ನೇ ಪೊಟ್ಟಣ ಬಿಚ್ಚಿ, ಡಾಕ್ಟರು ಹೇಳಿದಷ್ಟೇ ನೀರಿಗೆ ಬೆರೆಸಿದಳು. ಜಹೀದಾ ಕಣ್ಣು ಬಿಗಿಯಾಗಿ ಮುಚ್ಚಿ, ಮನಸ್ಸಿನಲ್ಲೇ ದೇವರನ್ನು ನೆನೆದು ಒತ್ತಿದಳು. ನೀರು ಒಂದು ಹೊಳ್ಳೆಯಿಂದ ಹೋಗಿ ಇನ್ನೊಂದರಿಂದ ಬಂತು. ಉರಿಯಿಲ್ಲ, ಚುರುಚುರು ಇಲ್ಲ. "ಅರೆ, ಏನೂ ಆಗ್ಲೇ ಇಲ್ಲ!" ಎಂದು ಮೂತಿಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ನಕ್ಕಳು.

ವಾಸನೆ ಮಾತ್ರ ಅಷ್ಟು ಸಲೀಸಾಗಿ ಮರಳಲಿಲ್ಲ. ಮೂಗು ಬಿಟ್ಟುಕೊಂಡಿತು, ನಿದ್ದೆ ಬಂತು, ಬಾಣಲೆಯ ಘಮ ಬರಲಿಲ್ಲ. ಅದು ಬರುವವರೆಗೆ ಕಾಲೇಜಿಗೆ ಹೋಗುವ ಮುಂಚೆ ಐಮನ್, ಸಂತೆಯ ದಿನ ಅಶ್ವತ್ಥಮ್ಮ, ಜಹೀದಾಳ ಪರವಾಗಿ ಮೂಸಿದರು. ಅಶ್ವತ್ಥಮ್ಮನಿಗಂತೂ ಈ ಕೆಲಸ ಬಲು ಹಿಡಿಸಿಬಿಟ್ಟಿತು. "ತಡಿ... ತಡಿ... ಹ್ಞಾ, ಇಳ್ಸು!" ಎಂದು ಸ್ಟೂಲಿನ ಮೇಲಿಂದ ಅಪ್ಪಣೆ ಕೊಡುವಳು. ಬೇರೆ ಗಿರಾಕಿಗಳ ಸಾಮಾನಿಗೂ ಅವಳದೇ ತೀರ್ಪು.

ಹೀಗೇ ಒಂದು ಸಂತೆಯ ದಿನ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಜಹೀದಾ ಮುಖ ಸಿಂಡರಿಸಿದಳು. "ಥೂ! ಅಕ್ಕ, ಏನದು, ಏನೋ ಕೊಳೆತಂಗೆ?"

"ಬಂತಾ? ವಾಸ್ನೆ ಬಂತಾ ನಿಂಗೆ?" ಅಶ್ವತ್ಥಮ್ಮ ಸ್ಟೂಲು ಬೀಳಿಸಿಕೊಂಡೇ ಎದ್ದಳು.

ಇಬ್ಬರೂ ಮೂಸುತ್ತ ಮೂಸುತ್ತ ಹೋದರು. ಮೂಟೆಗಳ ಹಿಂದೆ ಬೆಳ್ಳುಳ್ಳಿಯ ಚೀಲವೊಂದು ಕೊಳೆತು ಕೂತಿತ್ತು.

"ಯಾವತ್ತಿಂದ ಇದೆ ಇದು?"

"ಬೋ ದಿನದಿಂದ ಐತೆ ಕಣಮ್ಮ. ನಿನ್ನ ಮನ್ಸಿಗೆ ಯಾಕೆ ನೋವು ಅಂತ, ಬಾಣ್ಲೆ ಮೂಸಿದ್ಮೇಲೆ ಮೂಗಿಗೆ ಸೆರಗು ಮುಚ್ಕೊಂಡು ಕುಂತಿರ್ತಿದ್ದೆ."

ಜಹೀದಾಗೆ ನಗು, ಅಳು ಒಟ್ಟಿಗೇ ಬಂದವು. ಬಗ್ಗಿ ಇನ್ನೊಮ್ಮೆ ಜೋರಾಗಿ ಮೂಸಿದಳು. ವಾಕರಿಕೆ ಬಂತು, ಮತ್ತೂ ಮೂಸಿದಳು. "ಸಾಕು ಬುಡೇ, ಅತ್ತರ್ ಬಾಟ್ಲಿ ಅಲ್ಲ ಅದು," ಎಂದು ಅಶ್ವತ್ಥಮ್ಮ ಚೀಲದ ಒಂದು ತುದಿ ಹಿಡಿದಳು. ಇನ್ನೊಂದು ತುದಿ ಜಹೀದಾ ಹಿಡಿದಳು. ದಾರಿಯವರೆಲ್ಲ ಮೂಗು ಮುಚ್ಚಿಕೊಂಡು ಸರಿಯುತ್ತಿದ್ದರೆ, ಇಬ್ಬರೂ ನಗುತ್ತ ಅದನ್ನು ಎಳೆದುಕೊಂಡು ಹೋದರು.