ಪೆಟ್ಟಿಗೆ ಕೊಟ್ಟ ಅಂಕ

ಇಪ್ಪತ್ತಾರು ವರ್ಷದಿಂದ ಬಸ್ಸು ಓಡಿಸುತ್ತಿರುವವನು ನಾನು. ಇಷ್ಟು ವರ್ಷದಲ್ಲಿ ನನ್ನ ಬಸ್ಸು ಒಂದು ಸೈಕಲ್ಲಿಗೂ ತಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅದೂ ನನ್ನ ದನಿಯನ್ನೇ ಅಣಕಿಸುತ್ತಾ. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ನಾನು ಈ ಮಾತು ತೆಗೆಯುತ್ತೇನೆ ಅನ್ನುವುದು ಅವಳ ದೂರು. ತೆಗೆಯುತ್ತೇನೆ, ಹೌದು. ಹೇಳಿಕೊಳ್ಳುವುದಕ್ಕೆ ನನ್ನ ಹತ್ತಿರ ಬೇರೇನಿದೆ?

ಇಂಥ ನನ್ನ ಮಗಳು, ಹದಿನೆಂಟು ತುಂಬಿದ ತಿಂಗಳಲ್ಲೇ, ಡ್ರೈವಿಂಗ್ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದಳು. ಮನೆಯಲ್ಲಿ ಅವಳು ಪುಟ್ಟಿ. ಪುಟ್ಟಿಗೆ ಕಾರು ಬೇಕಾಗಿದ್ದು ಶೋಕಿಗಲ್ಲ. ಊರಾಚೆ ಇರುವ ಪ್ರಾಣಿಗಳ ಆಸ್ಪತ್ರೆಯಲ್ಲಿ ಅವಳನ್ನು ಕೆಲಸ ಕಲಿಯಲು ಸೇರಿಸಿಕೊಂಡಿದ್ದರು. ನಾಲ್ಕು ವರ್ಷದವಳಿದ್ದಾಗ ಬೀದಿ ಬೆಕ್ಕಿನ ಕಾಲಿಗೆ ನನ್ನ ಹೊಸ ಟೈ ಸುತ್ತಿ ಬ್ಯಾಂಡೇಜ್ ಕಟ್ಟಿದವಳು ಅವಳು. ಅಂದಿನಿಂದ ಅವಳ ತಲೆಯಲ್ಲಿ ಇದ್ದದ್ದು ಇದೊಂದೇ ಕೆಲಸ. ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕು, ನಾಯಿಗಳಿಗೆ ಊಟ ಹಾಕಿ ಗೂಡು ತೊಳೆಯಬೇಕು. ಮೂರು ಸಲ ತಡವಾದರೆ ಮನೆಗೆ ಎಂದು ಮೊದಲೇ ಬರೆದು ಸಹಿ ಹಾಕಿಸಿಕೊಂಡಿದ್ದರು. ಆ ಕಡೆ ಹೋಗುವ ಮೊದಲ ಬಸ್ಸು ಏಳೂಕಾಲಿಗೆ. ಅದನ್ನು ಓಡಿಸುವವನು ನಾನೇ.

"ನೀವು ಸ್ವಲ್ಪ ಬೇಗ ಹೊರಡಬಾರದಾ?" ಎಂದಳು ಹೆಂಡತಿ, ಬಸ್ಸು ನಮ್ಮಪ್ಪನ ಮನೆಯದು ಎಂಬಂತೆ.

ಕೊನೆಗೆ, ನಿವೃತ್ತರಾದ ಸಂಗೀತದ ಮೇಷ್ಟ್ರೊಬ್ಬರಿಂದ ಒಂದು ಹಳೆಯ ಕಾರು ಸಿಕ್ಕಿತು. ಸೀಟಿನಲ್ಲೆಲ್ಲ ಕೆಮ್ಮಿನ ಗುಳಿಗೆಯ ವಾಸನೆ, ಎಡಗಡೆಯ ಕಿಟಕಿ ಅರ್ಧದಲ್ಲಿ ನಿಲ್ಲುತ್ತಿತ್ತು. ಇಂಜಿನ್ ಮಾತ್ರ ಚೆನ್ನಾಗಿತ್ತು. ಕಾರಾಯಿತು, ಇನ್ನೇನು ವಿಮೆ ತಾನೇ ಎಂದುಕೊಂಡು ಫೋನ್ ಹಿಡಿದು ಕೂತೆ.

ಮೊದಲ ಕಂಪನಿಯವರು ಹೇಳಿದ ಮೊತ್ತ ಕಾರಿನ ಬೆಲೆಯ ಎರಡೂವರೆ ಪಟ್ಟು.

"ತಾಯಿ, ನಾನು ಕಾರು ಕೊಳ್ಳೋಕೆ ಫೋನ್ ಮಾಡಿಲ್ಲ, ಕಾರು ಇದೆ ನನ್ನ ಹತ್ರ" ಎಂದೆ.

"ಗೊತ್ತು ಸರ್. ಓಡಿಸೋರಿಗೆ ಹದಿನೆಂಟು ವರ್ಷ ಅಂದ್ರಲ್ಲ."

"ನನ್ನ ಮಗಳು ಸರ್. ಬೀದೀಲಿ ಹೋಗೋ ಹುಡುಗಿ ಅಲ್ಲ. ನಾನು ಇಪ್ಪತ್ತಾರು ವರ್ಷ..."

"ಅನುಭವ ರಕ್ತದಲ್ಲಿ ಬರುತ್ತೆ ಅಂತ ನಮ್ಮ ಫಾರ್ಮಿನಲ್ಲಿ ಕಾಲಂ ಇಲ್ಲ ಸರ್."

ಆ ಸಿಟ್ಟಿನಲ್ಲಿ ಅವಳನ್ನು ಸರ್ ಎಂದು ಕರೆದದ್ದು ಫೋನ್ ಇಟ್ಟ ಮೇಲೆ ಹೊಳೆಯಿತು. ಎರಡನೇ ಕಂಪನಿಯವರು ಮೂರು ಪಟ್ಟು ಹೇಳಿದರು. ಮೂರನೆಯವನು ಕೆಲಸ ಏನು ಎಂದು ಕೇಳಿದ. ಪ್ರಾಣಿಗಳ ಆರೈಕೆ ಎಂದೆ. ಕಾರಿನಲ್ಲಿ ಪ್ರಾಣಿ ಕೂರಿಸಿಕೊಂಡು ಹೋಗುತ್ತಾಳಾ ಎಂದ. ಇಲ್ಲಪ್ಪ, ಅವು ಅಲ್ಲೇ ಇರುತ್ತವೆ ಎಂದೆ. ಅಷ್ಟಕ್ಕೇ ಕಂತು ಇನ್ನೂ ಏರಿತು. ಏಕೆ ಎಂದು ಕೇಳಿದರೆ ಕಂಪ್ಯೂಟರ್ ಹಾಗೆ ಹೇಳುತ್ತದೆ ಎಂದು ಕೈತೊಳೆದುಕೊಂಡ. ನಾಲ್ಕು ದಿನ ನಮ್ಮ ಊಟದ ಮೇಜಿನ ಮೇಲೆ ಊಟಕ್ಕಿಂತ ಕಾಗದವೇ ಹೆಚ್ಚಿತ್ತು. ಪುಟ್ಟಿ ಮುಖ ಸಣ್ಣ ಮಾಡಿಕೊಂಡು ಓಡಾಡುತ್ತಿದ್ದಳು. ಸೋಮವಾರ ಕೆಲಸಕ್ಕೆ ಸೇರಬೇಕಿತ್ತು.

ದಾರಿ ಹುಡುಕಿದವಳು ನನ್ನ ಹೆಂಡತಿ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಸಣ್ಣ ಅಕ್ಷರ ಕಂಡರೆ ಬಿಡುವವಳಲ್ಲ. ಒಂದು ಕಂಪನಿಯ ಕಾಗದದ ತಳದಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಅವಳಿಗೆ ಎರಡು ಸಂಗತಿ ಸಿಕ್ಕವು. ಅನುಭವಸ್ಥರೊಬ್ಬರ ಹೆಸರನ್ನು ಎರಡನೇ ಚಾಲಕರಾಗಿ ಸೇರಿಸಿದರೆ ಕಂತು ಇಳಿಯುತ್ತದೆ. ಕಾರಿನೊಳಗೆ ಕಂಪನಿಯ ಪೆಟ್ಟಿಗೆಯೊಂದನ್ನು ಕೂರಿಸಿಕೊಂಡರೆ ಇನ್ನೂ ಇಳಿಯುತ್ತದೆ. ಎರಡೂ ಸೇರಿಸಿ ಲೆಕ್ಕ ಹಾಕಿದರೆ ನಮ್ಮ ಕೈಗೆ ಎಟಕುವಂತಿತ್ತು.

"ನೋಡಿದ್ಯಾ? ನನ್ನ ಹೆಸರಿಗೆ ಬೆಲೆ ಇದೆ" ಎಂದೆ.

"ಹೆಸರಿಗೆ ಇದೆ" ಎಂದಳು ಅವಳು.

ಶನಿವಾರ ಒಬ್ಬ ಬಂದು ಸ್ಟಿಯರಿಂಗ್ ಕೆಳಗೆ ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ಕಪ್ಪು ಪೆಟ್ಟಿಗೆ ಕೂರಿಸಿ ಹೋದ. ವೇಗ, ತಿರುವು, ಬ್ರೇಕು ಎಲ್ಲವನ್ನೂ ಅದು ನೋಡುತ್ತದೆ, ವಾರಕ್ಕೊಮ್ಮೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಸತತ ಮೂರು ವಾರ ಅರವತ್ತಕ್ಕಿಂತ ಕೆಳಗೆ ಬಿದ್ದರೆ ವಿಮೆ ರದ್ದು. ಒಮ್ಮೆ ರದ್ದಾದವರನ್ನು ಬೇರೆ ಯಾವ ಕಂಪನಿಯೂ ಹತ್ತಿರ ಸೇರಿಸುವುದಿಲ್ಲ ಎಂದು ಹೆಂಡತಿ ಸಣ್ಣ ಅಕ್ಷರ ಓದಿ ಹೇಳಿದಳು. ವಿಮೆ ಹೋದರೆ ಕಾರಿಲ್ಲ, ಕಾರಿಲ್ಲದಿದ್ದರೆ ಆಸ್ಪತ್ರೆಯಿಲ್ಲ. ಪುಟ್ಟಿ ಪೆಟ್ಟಿಗೆಯ ಎದುರು ಕೂತು ಸೀಟ್ ಬೆಲ್ಟ್ ಹಾಕಿಕೊಂಡದ್ದನ್ನು ನೋಡಿದರೆ ಹೆಡ್‌ಮಾಸ್ಟರರ ಕೋಣೆಗೆ ಹೋದವಳ ಹಾಗಿತ್ತು.

ಇನ್ನು ನಾನು ಮಾಡಿದ ಘನಕಾರ್ಯ. ನಮ್ಮ ಡಿಪೋದಲ್ಲಿ ಒಂದು ಪದ್ಧತಿಯಿದೆ. ಬೆಳಿಗ್ಗೆ ಬಸ್ಸು ತೆಗೆದವನು ಅಂಗಳದಲ್ಲೇ ನಾಲ್ಕು ಮಾರು ಓಡಿಸಿ ಗಟ್ಟಿಯಾಗಿ ಬ್ರೇಕ್ ಒತ್ತಬೇಕು. ಮೂರು ಸಲ. ಬಸ್ಸು ನಿಂತಲ್ಲೇ ಕಚ್ಚಿಕೊಂಡು ನಿಂತರೆ ಮಾತ್ರ ಗೇಟು ದಾಟಬೇಕು. ಇದಕ್ಕೆ ನಾವು ಬ್ರೇಕ್ ಕೇಳುವುದು ಎನ್ನುತ್ತೇವೆ. ಬ್ರೇಕನ್ನು ಕೇಳದೆ ಬಸ್ಸು ಹೊರಗೆ ತೆಗೆದ ದಿನ ನನಗೆ ನೆನಪಿಲ್ಲ. ಹೀಗಿರುವಾಗ ಇನ್ನೊಬ್ಬರು ಹತ್ತು ವರ್ಷ ಓಡಿಸಿ ಸವೆಸಿದ ಕಾರಿನಲ್ಲಿ ಮಗಳನ್ನು ಸುಮ್ಮನೆ ಕಳಿಸಿಬಿಡುತ್ತೇನೆಯೇ? ಹೇಗೂ ನಾನು ಡಿಪೋಗೆ ಹೋಗಲು ನಾಲ್ಕೂವರೆಗೆ ಏಳುವವನು. ಅವಳು ಬಚ್ಚಲುಮನೆಯಲ್ಲಿರುವಾಗ ಕಾರು ತೆಗೆದು, ಬೀದಿಯ ತುದಿಯವರೆಗೆ ಹೋಗಿ, ಮೂರು ಸಲ ಬ್ರೇಕ್ ಕೇಳಿ, ತಂದು ಹಾಗೇ ನಿಲ್ಲಿಸಿ ಬರುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಪುಟ್ಟಿ "ನನ್ನ ಮೇಲೆ ನಂಬಿಕೆ ಇಲ್ವಾ" ಎಂದು ಮುಖ ಊದಿಸಿಕೊಳ್ಳುತ್ತಾಳೆ. ಆ ಪೆಟ್ಟಿಗೆಯೇ? ಅದು ಅವಳಿಗೆ ಹಾಕಿದ್ದು. ಹೊಸಬರನ್ನು ನೋಡಿಕೊಳ್ಳುವ ಪೆಟ್ಟಿಗೆ ನನ್ನನ್ನೂ ಲೆಕ್ಕಕ್ಕೆ ಹಿಡಿಯುತ್ತದೆ ಎಂದು ನನ್ನ ತಲೆಗೆ ಬರಲೇ ಇಲ್ಲ.

ಮೊದಲ ವಾರದ ಅಂಕ ಪುಟ್ಟಿಯ ಫೋನಿಗೆ ಬಂತು. ಐವತ್ತೆರಡು. ಕೆಳಗೆ ಒಂದು ಸಾಲು: ನಿಮ್ಮ ಬ್ರೇಕ್ ಒರಟಾಗಿದೆ.

"ಅಪ್ಪಾ, ನಾನು ನಲವತ್ತರ ಮೇಲೆ ಹೋಗೇ ಇಲ್ಲ" ಎಂದಳು.

"ವೇಗದ ಮಾತಲ್ಲ ಅದು. ಬ್ರೇಕ್ ಮೇಲೆ ಕಾಲಿಡೋದಲ್ಲ ಪುಟ್ಟಿ, ಬ್ರೇಕಿಗೆ ಕಾಲು ಒಪ್ಪಿಸಬೇಕು" ಎಂದು ಉಪದೇಶ ಮಾಡಿದೆ. ಹೀಗೆ ಹೇಳುವುದರಲ್ಲಿ ನಾನು ಎತ್ತಿದ ಕೈ.

ಎರಡನೇ ವಾರ ಅವಳು ಮನೆಯಿಂದ ಐದೂವರೆಗೆ ಹೊರಡುವ ಬದಲು ಐದೂಕಾಲಿಗೆ ಹೊರಟಳು. ಅಷ್ಟು ನಿಧಾನ. ಮುದುಕರೊಬ್ಬರು ವಾಕಿಂಗ್ ಹೋಗುತ್ತಾ ಅವಳನ್ನು ದಾಟಿಕೊಂಡು ಹೋದರಂತೆ, ದಾಟುವಾಗ ಟೋಪಿ ಎತ್ತಿ ನಮಸ್ಕಾರ ಬೇರೆ ಮಾಡಿದರಂತೆ. ನಾನೂ ಹಟಕ್ಕೆ ಬಿದ್ದವನಂತೆ ಕಾಲು ಗಂಟೆ ಮೊದಲೇ ಎದ್ದು ನನ್ನ ಕೆಲಸ ಮುಗಿಸುತ್ತಿದ್ದೆ. ಅಂಕ ಐವತ್ತೊಂದು.

ಭಾನುವಾರ ನಾನೇ ಪಾಠಕ್ಕೆ ಇಳಿದೆ. ಲೋಟದ ತುಂಬ ನೀರು ತುಂಬಿ ಗೇರಿನ ಪಕ್ಕ ಇಟ್ಟು, ಒಂದು ಹನಿ ಚೆಲ್ಲದೆ ಮಾರುಕಟ್ಟೆಯವರೆಗೆ ಹೋಗಿ ಬಾ ಎಂದೆ. ಹೋಗಿ ಬಂದಳು. ಒಂದು ಹನಿ ಚೆಲ್ಲಲಿಲ್ಲ. "ಪರವಾಗಿಲ್ಲ" ಎಂದೆ. ಚೆನ್ನಾಗಿತ್ತು ಎನ್ನಲು ನಾಲಿಗೆ ತಿರುಗಲಿಲ್ಲ. "ಈಗ ನೋಡು, ಹೇಗೆ ಮಾಡ್ಬೇಕು ಅಂತ" ಎಂದು ನಾನು ಕೂತೆ. ನಮ್ಮ ಮನೆಯ ತಿರುವಿನಲ್ಲೇ ಲೋಟ ನನ್ನ ಪ್ಯಾಂಟಿನ ಮೇಲೆ ಬಂತು. ರಸ್ತೆ ಸರಿಯಿಲ್ಲ ಎಂದೆ. ಪುಟ್ಟಿ ಕಿಟಕಿಯಾಚೆ ನೋಡಿದಳು. ಅವಳು ನಗುತ್ತಿದ್ದಾಳೆ ಎಂದುಕೊಂಡೆ. ಅವಳು ನಗುತ್ತಿರಲಿಲ್ಲ.

ಮೂರನೇ ಶನಿವಾರ ಅಂಕದ ಬದಲು ಕಾಗದವೇ ಬಂತು. ಏಳು ದಿನಗಳಲ್ಲಿ ವಿಮೆ ರದ್ದು. ಆಕ್ಷೇಪಣೆ ಇದ್ದರೆ ಅಷ್ಟರೊಳಗೆ ತಿಳಿಸಬೇಕು. ಒರಟು ಬ್ರೇಕಿನ ಪಟ್ಟಿ ಲಗತ್ತಿಸಿದೆ. ಪುಟ್ಟಿ ಕಾಗದವನ್ನು ನಿಂತೇ ಓದಿದಳು. ಆಮೇಲೆ ಕಾರಿನ ಕೀಲಿಯನ್ನು ಮೇಜಿನ ಮೇಲೆ ಇಟ್ಟಳು.

"ಆಸ್ಪತ್ರೆಗೆ ಫೋನ್ ಮಾಡಿ ಸೋಮವಾರದಿಂದ ಬರಲ್ಲ ಅಂತ ಹೇಳ್ತೀನಿ."

"ಅದೇನು ಹಂಗೆ ಕೈಚೆಲ್ಲಿ ಕೂರೋದು? ನನ್ನ ಮಗಳಾಗಿ..."

"ಅದೇ ಅಪ್ಪಾ" ಎಂದಳು. "ನಿಮ್ಮ ಮಗಳಾಗಿಯೂ ನನಗೆ ಬರ್ತಿಲ್ಲ. ನಾನು ಮೆತ್ತಗೆ ಒತ್ತುತ್ತಿದೀನಿ ಅಂತ ನನಗೆ ಅನ್ಸುತ್ತೆ, ಅದು ಒರಟು ಅನ್ನುತ್ತೆ. ನನ್ನ ಕಾಲು ಏನು ಮಾಡ್ತಿದೆ ಅಂತ ನನಗೇ ಗೊತ್ತಾಗ್ತಿಲ್ಲ. ಯಾರಿಗಾದ್ರೂ ಗುದ್ದೋ ಮೊದ್ಲೇ ನಿಲ್ಲಿಸ್ತೀನಿ."

ನನ್ನ ಬಾಯಿಗೆ ಬಂದಿದ್ದ ಉಪದೇಶ ಅಲ್ಲೇ ನಿಂತಿತು. ಹೆಂಡತಿ ಕೈಚೀಲದಿಂದ ಭೂತಗನ್ನಡಿ ತೆಗೆದು, ಲಗತ್ತಿಸಿದ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಸೋಮವಾರ, ಐದು ಗಂಟೆ ಎಂಟು ನಿಮಿಷ. ಐದು ಗಂಟೆ ಒಂಬತ್ತು ನಿಮಿಷ. ಮತ್ತೆ ಐದು ಒಂಬತ್ತು. ಮಂಗಳವಾರ, ಐದು ಏಳು, ಐದು ಎಂಟು, ಐದು ಎಂಟು. ಜಾಗ..." ಕನ್ನಡಿಯನ್ನು ಇನ್ನೂ ಹತ್ತಿರ ಒಯ್ದಳು. "ಜಾಗ ನಮ್ಮ ಬೀದಿ. ಎಲ್ಲಾ ನಮ್ಮ ಬೀದಿನೇ. ಮೊದಲ ವಾರದಲ್ಲಿ ಐದು ಎಂಟಕ್ಕೆ ಇವಳು ಹಲ್ಲುಜ್ಜುತ್ತಾ ಇರ್ತಿದ್ಲು."

"ಪೆಟ್ಟಿಗೆ ಕೆಟ್ಟಿರ್ಬೇಕು" ಎಂದೆ.

"ರೀ" ಎಂದಳು ಹೆಂಡತಿ.

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಈ ಒಂದಕ್ಷರವನ್ನು ಹಲವು ಬಗೆಯಲ್ಲಿ ಹೇಳಿದ್ದಾಳೆ. ಈ ಬಗೆಯಲ್ಲಿ ಹೇಳಿದಾಗ ಬಾಲ ಮುದುರಿಕೊಳ್ಳುವುದೊಂದೇ ದಾರಿ. ನಾಲ್ಕೂವರೆಗೆ ಏಳುವುದರಿಂದ ಹಿಡಿದು ಎಲ್ಲ ಹೇಳಿದೆ. ಹೇಳುವಾಗ ಇಬ್ಬರಲ್ಲಿ ಯಾರ ಮುಖವನ್ನೂ ನೋಡಲಿಲ್ಲ, ಕೀಲಿಯನ್ನು ನೋಡುತ್ತಿದ್ದೆ. ಹೇಳಿ ಮುಗಿದ ಮೇಲೆ ಪುಟ್ಟಿ ಕಂಪನಿಯ ಕಾಗದವನ್ನು ನನ್ನ ಮುಂದೆ ಸರಿಸಿದಳು, ಅಷ್ಟೇ. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಕಂಪನಿಗೆ ನಾನೇ ಫೋನ್ ಹಚ್ಚಿದೆ. ವಿಮೆ ಪುಟ್ಟಿಯ ಹೆಸರಿನಲ್ಲಿರುವುದರಿಂದ ಅವಳು ಒಪ್ಪಿಗೆ ಕೊಡದೆ ನನ್ನ ಜೊತೆ ಮಾತಾಡುವುದಿಲ್ಲ ಎಂದ ಆ ಕಡೆಯ ಹುಡುಗ. ಅವಳು "ಮಾತಾಡಿ" ಎಂದಷ್ಟೇ ಹೇಳಿ, ಫೋನಿನ ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟಳು.

"ಸರ್, ಈ ಐವತ್ನಾಲ್ಕು ಬ್ರೇಕೂ ನಿಮ್ಮದು ಅಂತೀರಾ?" ಎಂದ ಹುಡುಗ.

"ದಿನಕ್ಕೆ ಮೂರು, ಭಾನುವಾರ ಬಿಟ್ಟು. ಹೌದು, ನನ್ನವೇ."

"ಭಾನುವಾರ ಒಂದಿದೆ ಸರ್. ಹನ್ನೊಂದು ಗಂಟೆಗೆ."

"ಅದೂ ನಂದೇ. ಅದು ಪಾಠ."

"ಪಾಠ" ಎಂದು ಅವನು ಟೈಪ್ ಮಾಡುವ ಸದ್ದು ಕೇಳಿಸಿತು. "ಸರ್, ನಿಮ್ಮ ಡ್ರೈವಿಂಗ್ ಅನುಭವ ಎಷ್ಟು ವರ್ಷ?"

ಜನ್ಮದಲ್ಲಿ ಮೊದಲ ಸಲ ಆ ಪ್ರಶ್ನೆಗೆ ಉತ್ತರಿಸಲು ನನಗೆ ಮನಸ್ಸಾಗಲಿಲ್ಲ. "ಇಪ್ಪತ್ತಾರು" ಎಂದೆ, ಆದಷ್ಟು ಮೆಲ್ಲಗೆ.

ಆ ಕಡೆ ಹುಡುಗ ಕೆಮ್ಮಿದ. ನಗು ತಡೆಯುತ್ತಿದ್ದನೇನೋ, ಪಾಪ. ಆಮೇಲೆ ಹೇಳಿದ: ಮಗಳ ಖಾತೆಯಿಂದ ಇವನ್ನು ತೆಗೆಯಬಹುದು, ಆದರೆ ಎಲ್ಲಾದರೂ ಹಾಕಬೇಕಲ್ಲ, ಅವು ನನ್ನ ಹೆಸರಿಗೆ ಹೋಗುತ್ತವೆ. ನನ್ನ ದಾಖಲೆಯಲ್ಲಿ ಒರಟು ಚಾಲನೆ ಎಂದು ಬರುತ್ತದೆ. ಮುಂದೆ ಯಾವ ಕಂಪನಿ ಕೇಳಿದರೂ ಕಾಣುತ್ತದೆ. ಬಸ್ಸಿನವರು ಕೇಳಿದರೂ ಕಾಣುತ್ತದೆ.

ಹೆಂಡತಿ ನನ್ನ ಕಡೆ ನೋಡಿದಳು. ಆ ದಾಖಲೆ ನನಗೆ ಏನು ಎಂಬುದು ಅವಳಷ್ಟು ಇನ್ಯಾರಿಗೂ ಗೊತ್ತಿಲ್ಲ, ಎಷ್ಟೇ ಅಣಕಿಸಲಿ.

"ಹಾಕ್ಕೊಳ್ಳಿ" ಎಂದೆ. "ಐವತ್ತೈದನ್ನೂ ನನ್ನ ಹೆಸರಿಗೇ ಹಾಕಿ."

"ಒಂದು ಕಾರಣ ಆರಿಸ್ಬೇಕು ಸರ್. ಪಟ್ಟಿ ಓದ್ತೀನಿ. ಅಡ್ಡ ಬಂದ ಪ್ರಾಣಿ, ಅಡ್ಡ ಬಂದ ವಾಹನ, ಫೋನ್ ಬಳಕೆ, ನಿದ್ದೆ, ಇತರೆ."

"ಇತರೆ."

"ಇತರೆ ಅಂದ್ರೆ ಏನು ಅಂತ ಬರೀಬೇಕು ಸರ್."

ಬ್ರೇಕ್ ಪರೀಕ್ಷೆ ಎನ್ನಬಹುದಿತ್ತು. ಡಿಪೋದ ಪದ್ಧತಿ ಎನ್ನಬಹುದಿತ್ತು, ಅದು ಗಂಭೀರವಾಗಿಯೂ ಕೇಳಿಸುತ್ತಿತ್ತು. ಆದರೆ ಅದು ಪದ್ಧತಿಯಲ್ಲ ಎಂದು ಆ ಕ್ಷಣ ನನಗೆ ತಿಳಿಯಿತು. ಐವತ್ತು ಜನರನ್ನು ಬೆನ್ನ ಹಿಂದೆ ಕೂರಿಸಿಕೊಂಡು ಹೋಗುವಾಗ ನನಗೆ ಎಂದೂ ಏನೂ ಆಗಿಲ್ಲ. ಈ ಒಬ್ಬಳು ಕಾರು ಹತ್ತಿ ಬೀದಿಯ ತಿರುವು ದಾಟುವ ಹೊತ್ತಿಗೆ ನನ್ನ ಕೈ ತಣ್ಣಗಾಗುತ್ತಿತ್ತು.

"ಹೆದರಿಕೆ ಅಂತ ಬರ್ಕೊಳ್ಳಪ್ಪ" ಎಂದೆ.

ಅವನು ಮತ್ತೆ ಕೇಳಲಿಲ್ಲ. ಟೈಪ್ ಮಾಡಿದ. ಐವತ್ತೈದನ್ನೂ ಕಳೆದರೆ ಮೂರು ವಾರಕ್ಕೂ ಮಗಳ ಅಂಕ ತೊಂಬತ್ತಾರು, ವಿಮೆ ಮುಂದುವರಿಯುತ್ತದೆ, ಕಂತು ಮಾತ್ರ ನನ್ನ ದೆಸೆಯಿಂದ ಸ್ವಲ್ಪ ಏರುತ್ತದೆ ಎಂದ. ಏರಲಿ ಎಂದೆ. ಹುಡುಗ ಫೋನ್ ಇಟ್ಟ.

"ತಪ್ಪಾಯ್ತು ಪುಟ್ಟಿ" ಎಂದೆ. "ಮೂರು ವಾರ ನಿನ್ನ ಕಾಲನ್ನ ಬೈದೆ. ನಿನ್ನ ಕಾಲು ನನ್ನ ಕಾಲಿಗಿಂತ ಚೆನ್ನಾಗಿದೆ."

"ಅಪ್ಪಾ, ಆ ಬ್ರೇಕ್ ಒಂದು ದಿನನಾದ್ರೂ ಹಿಡೀದೆ ಇತ್ತಾ?"

"ಇಲ್ಲ. ಒತ್ತಿದಾಗೆಲ್ಲ ನಿಂತಿದೆ."

"ಮತ್ತೆ ದಿನಾ ಯಾಕೆ ನೋಡ್ತಿದ್ರಿ?"

"ನೀನು ದಿನಾ ಹೋಗ್ತೀಯಲ್ಲ."

ಅವಳು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. ಮೇಜಿನ ಮೇಲಿಂದ ಕೀಲಿ ತೆಗೆದು, ನನ್ನ ಕೈಗೆ ಸಿಗದ ಹಾಗೆ ತನ್ನ ಜೇಬಿಗೆ ಹಾಕಿಕೊಂಡಳು. ಆಮೇಲೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.