ಔಷಧಿ ಅಂಗಡಿ ಮನಿ ದೊಡ್ಡ ಸೊಸಿ

ಗಜೇಂದ್ರಗಡದ ಹೊನ್ನವ್ವಕ್ಕನ ಹೊಲಿಗೆ ಅಂಗಡಿಯಲ್ಲಿ ಅಳತೆಯ ವಹಿ ಬರೆಯುವವಳು ನಾನು. ಅಕ್ಕನಿಗೆ ಓದು ಬರಹ ಬಾರದು. ಟೇಪು ಹಿಡಿದು ನನ್ನ ಕಿವಿಯಲ್ಲಿ ಅಂಕಿ ಹೇಳುತ್ತಾಳೆ, ನಾನು ಬರೆಯುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ‘ಗಿರಣಿ ಮನಿ ಸಣ್ಣ ಸೊಸಿ’, ‘ಮಾಸ್ತರ ಮನಿ ದಪ್ಪ ಅತ್ತಿ’ ಎಂದಿರುತ್ತದೆ. ಅಕ್ಕ ಗುರುತಿಟ್ಟುಕೊಳ್ಳುವುದೇ ಹಾಗೆ. ಈ ವಹಿಯನ್ನು ಯಾರಿಗೂ ತೋರಿಸುವುದಿಲ್ಲ ಎಂದು ಬಂದ ಹೆಂಗಸರಿಗೆಲ್ಲ ಮಾತು ಕೊಟ್ಟವಳೂ ನಾನೇ.

ಹೋದ ಸೋಮವಾರ ಹುಬ್ಬಳ್ಳಿಯ ರೆಡಿಮೇಡ್ ಜಂಪರ, ರವಿಕೆಗಳ ಕಂಪನಿಯಿಂದ ಸಂಗನಬಸವ ಎಂಬವನು ಕರಾರುಪತ್ರ ತಂದ. ಚಹಾ ಕುಡಿಯುತ್ತ ತನ್ನದೆಲ್ಲ ಹೇಳಿಕೊಂಡ. ಊರು ನರೇಗಲ್, ಬಸ್ ಸ್ಟ್ಯಾಂಡ್ ಎದುರು ತಮ್ಮನ ಔಷಧಿ ಅಂಗಡಿ, ಹೆಂಡತಿ ಒಂದು ಜಂಪರ ಹೊಲಿಸಲು ನಾಲ್ಕೂರು ಅಲೆಯುವವಳು. ವಹಿಯ ಹಾಳೆಗಳ ಫೋಟೊ ತೆಗೆದುಕೊಂಡು ಹೋಗುತ್ತಾನಂತೆ, ಬದಲಿಗೆ ವರ್ಷವಿಡೀ ಹೊಲಿಯುವ ಕೆಲಸ ಕೊಡುತ್ತಾನಂತೆ. ಆಷಾಢದಲ್ಲಿ ನಮ್ಮ ಮಷೀನಿನ ಮೇಲೆ ಬೆಕ್ಕು ಮಲಗುತ್ತದೆ. ಅಕ್ಕನ ಹೆಬ್ಬೆರಳು ಆಗಲೇ ಶಾಯಿ ಡಬ್ಬಿಯ ಹತ್ತಿರ ಹೋಗಿತ್ತು.

“ಒಮ್ಮಿ ಓದಿ ಹೇಳ ಉಮಾ,” ಎಂದಳು.

ಓದಿದೆ. ‘ವೈಯಕ್ತಿಕ ಮಾಹಿತಿ ಎಂದರೆ ಹೆಸರು ಮತ್ತು ಫೋನ್ ನಂಬರು. ಉಳಿದದ್ದನ್ನು ಕಂಪನಿ ಬೇಕಾದಂತೆ ಬಳಸಬಹುದು, ಬೇಕಾದವರಿಗೆ ಕೊಡಬಹುದು.’

“ನಿಮ್ಮ ವಹಿಯೊಳಗ ಹೆಸರ ಇಲ್ಲಲ್ರಿ ಅಕ್ಕಾರ,” ಎಂದ ಸಂಗನಬಸವ. “ಅಂದಮ್ಯಾಲ ಚಿಂತಿ ಯಾಕ?”

ಜಂಪರ ಒಯ್ಯಲು ಬಂದು ಕೂತಿದ್ದ ಕಾಶೀಂಬಿ ನನ್ನ ಮುಖವನ್ನೇ ನೋಡಿದಳು. ವಹಿಯಲ್ಲಿರುವ ‘ಗಡಿಯಾರದ ಅಂಗಡಿ ಮಗ್ಗಲ ಮನಿ’ ಎಂದರೆ ಅವಳೇ ಎಂದು ಊರಿಗೆಲ್ಲ ಗೊತ್ತು. ನಾನು ವಹಿ ತೆರೆದು ಒಂದು ಹಾಳೆಯ ಮೇಲೆ ಬೆರಳಿಟ್ಟೆ.

“ಒಂದ ಹಾಳಿ ಓದ್ಲೇನ್ರಿ ಅಣ್ಣಾರ? ಹೆಸರ ಇಲ್ಲದ್ದು.”

“ಓದ ತಂಗಿ, ಜೋರಲೇ ಓದ.”

“ನರೇಗಲ್ ಬಸ್ ಸ್ಟ್ಯಾಂಡ್ ಎದುರಿನ ಔಷಧಿ ಅಂಗಡಿ ಮನಿ. ದೊಡ್ಡ ಸೊಸಿ. ಗಂಡಂದು ಹುಬ್ಬಳ್ಳಿ ಕಂಪನಿ. ಎದಿ ಸುತ್ತಳತಿ—”

“ತಡಿ! ತಡಿ!” ಚಹಾ ಅವನ ಅಂಗಿಯ ಮೇಲೆ ಚೆಲ್ಲಿತು.

“ಹೆಸರ ಇಲ್ಲಲ್ರಿ?”

“ಹೆಸರ ಯಾಕ ಬೇಕ? ಯಾರಂತ ಗೊತ್ತಾತಲ್ಲ!”

“ಹಂಗಂತ ಬರೀರಿ ಮತ್ತ,” ಎಂದಳು ಕಾಶೀಂಬಿ. “ಅಂಗಿ ಆಮ್ಯಾಲ ಒರಸ್ಕೋರಿ.”

ಹಳೆಯ ಸಾಲು ಹೊಡೆದು ಅವನೇ ಬರೆದ: ‘ಹೆಸರಿಲ್ಲದಿದ್ದರೂ ಯಾರದೆಂದು ಗೊತ್ತಾಗುವ ಗುರುತು, ಅಳತೆ ಎಲ್ಲವೂ ವೈಯಕ್ತಿಕ ಮಾಹಿತಿ. ವಹಿ ಅಂಗಡಿ ಬಿಟ್ಟು ಹೋಗತಕ್ಕದ್ದಲ್ಲ.’ ಮೂವತ್ತಾರರ ಅಳತೆಯವರು ಎಷ್ಟು ಮಂದಿ, ನಲವತ್ತರವರು ಎಷ್ಟು ಮಂದಿ ಎಂಬ ಲೆಕ್ಕವಷ್ಟೇ ಕಂಪನಿಗೆ ಸಾಕು ಎಂದೂ ಸೇರಿಸಿದ. ಹೊಲಿಗೆ ಕೆಲಸದ ಸಾಲು ಹಾಗೇ ಉಳಿಯಿತು. ನಾನು ಮತ್ತೊಮ್ಮೆ ಓದಿದ ಮೇಲೆ ಅಕ್ಕ ಹೆಬ್ಬೆಟ್ಟು ಒತ್ತಿದಳು.

ಮೆಟ್ಟಿಲಿಳಿದವನು ತಿರುಗಿ ಬಂದ. ದನಿ ತಗ್ಗಿಸಿ ಕೇಳಿದ: “ತಂಗಿ, ಆಕಿ ಇಲ್ಲಿಗೆ ಯಾವಾಗ ಬಂದಿದ್ಲು?”

“ಅದನ್ನ ಹೇಳಾಕ ಬರಂಗಿಲ್ರಿ ಅಣ್ಣಾರ,” ಎಂದೆ. “ವೈಯಕ್ತಿಕ ಮಾಹಿತಿ.”

ಅವನು ಹೋದ ಮೇಲೆ ಅಕ್ಕ ಹಣೆ ಗಂಟಿಕ್ಕಿದಳು. “ನರೇಗಲ್ಲಿನ ಆ ಸೊಸಿನ್ನ ನಾ ಅಳದದ್ದು ನೆನಪ ಇಲ್ಲಲ್ಲವಾ?”

ನಾನು ವಹಿಯನ್ನು ಕಾಶೀಂಬಿಯ ಕಡೆ ತಿರುಗಿಸಿದೆ. ಆಗ ನಾನು ಬೆರಳಿಟ್ಟಿದ್ದ ಹಾಳೆಯನ್ನು ಯಾರಿಗೆ ತೋರಿಸಿದರೂ ಅಡ್ಡಿಯಿರಲಿಲ್ಲ. ಅವಳು ಕನ್ನಡಕ ಏರಿಸಿ ಓದಿದಳು: “ಹುಕ್ಕು ಎರಡ ಡಬ್ಬಿ, ಕರೀ ದಾರ, ಮಷೀನಿನ ಎಣ್ಣಿ.”