ಕಟ್ಟಿಹಾಕಿದ ಪರದೆ

ಕೋಳಿಗಳಿಗೆ ಬೇಕಾದ ವಿಟಮಿನ್ ಪುಡಿಯನ್ನು ಸರ್ಜಾಪುರದ ಅಂಗಡಿಯಿಂದ ತೆಗೆದುಕೊಂಡು ಮಂಜುಶ್ರೀ ಸ್ಕೂಟಿಯಲ್ಲಿ ಊರಿನ ತಿರುವಿಗೆ ಬಂದಾಗ ಏಪ್ರಿಲ್ ಬಿಸಿಲು ನೆತ್ತಿಯ ಮೇಲಿತ್ತು. ತಮ್ಮ ಕೋಳಿ ಶೆಡ್ಡಿನ ಫ್ಯಾನುಗಳ ಸದ್ದು ಆ ತಿರುವಿನಲ್ಲೇ ಕಿವಿಗೆ ಬೀಳುವುದು ರೂಢಿ. ಅವತ್ತು ಸದ್ದಿರಲಿಲ್ಲ. ಕರೆಂಟ್ ಹೋಗಿರಬೇಕು, ಈಗ ಜನರೇಟರ್ ಶುರುವಾಗುತ್ತದೆ ಎಂದುಕೊಂಡು ಮುಂದೆ ಬಂದಳು. ಜನರೇಟರ್ ಶುರುವಾಗಲಿಲ್ಲ. ಸೈರನ್ನೂ ಕೂಗಲಿಲ್ಲ. ಗೇಟಿನ ಹತ್ತಿರ ಬಂದು ನೋಡಿದರೆ ಶೆಡ್ಡಿನ ಎರಡೂ ಪಕ್ಕದ ಪರದೆಗಳು ಸೂರಿನವರೆಗೆ ಬಿಗಿಯಾಗಿ ನಿಂತಿದ್ದವು. ಸ್ಟ್ಯಾಂಡ್ ಹಾಕುವಷ್ಟು ಪುರಸೊತ್ತೂ ಇಲ್ಲದೆ ಗಾಡಿಯನ್ನು ಅಲ್ಲೇ ಕೆಡವಿ ಅವಳು ಓಡಿದಳು.

ಅದು ಪೂರ್ತಿ ಮುಚ್ಚಿದ ಶೆಡ್ಡು. ಒಂದು ಕೊನೆಯಲ್ಲಿ ಆಳೆತ್ತರದ ಫ್ಯಾನುಗಳು ಬಿಸಿಗಾಳಿಯನ್ನು ಹೊರಗೆ ಎಳೆದು ಹಾಕುತ್ತಿದ್ದವು. ಇನ್ನೊಂದು ಕೊನೆಯ ಒದ್ದೆ ಪ್ಯಾಡುಗಳಿಂದ ತಣ್ಣನೆ ಗಾಳಿ ಒಳಗೆ ಬರುತ್ತಿತ್ತು. ಫ್ಯಾನು ನಿಂತರೆ ಒಳಗಿರುವ ಸಾವಿರಾರು ಕೋಳಿಗಳಿಗೆ ಉಸಿರಿಲ್ಲ. ಬಲಿತ ಕೋಳಿಗಳಾದರೆ ತಮ್ಮ ಮೈಯ ಕಾವಿನಲ್ಲೇ ಬೆಂದುಹೋಗುತ್ತವೆ, ಅದಕ್ಕೆ ಅರ್ಧ ಗಂಟೆಯೂ ಬೇಡ. ಶೆಡ್ಡು ಕಟ್ಟಿಸುವಾಗ ಮಂಜುಶ್ರೀ ಇದನ್ನೆಲ್ಲ ಕೇಳಿ ತಿಳಿದುಕೊಂಡು, ಹಟ ಹಿಡಿದು ಪೀಣ್ಯದಿಂದ ಒಂದು ಕಂಟ್ರೋಲ್ ಪ್ಯಾನೆಲ್ ತರಿಸಿದ್ದಳು. ಕರೆಂಟ್ ಹೋದರೆ ಜನರೇಟರ್ ತಾನಾಗಿ ಶುರುವಾಗಬೇಕು. ಅದೂ ಕೈಕೊಟ್ಟರೆ ಪರದೆಗಳನ್ನು ಎತ್ತಿಹಿಡಿದ ಅಯಸ್ಕಾಂತ ಬಿಟ್ಟುಕೊಂಡು, ಎರಡೂ ಕಡೆಯ ಪರದೆ ಕೆಳಗೆ ಬಿದ್ದು ಹೊರಗಿನ ಗಾಳಿ ಆಡಬೇಕು. ಜೊತೆಗೆ ಊರಿಗೆಲ್ಲ ಕೇಳುವಂತೆ ಸೈರನ್ ಕೂಗಬೇಕು. ಆಳು ಊಟಕ್ಕೆ ಹೋಗಿರಲಿ, ನಿದ್ದೆಯಲ್ಲಿರಲಿ, ಕೋಳಿ ಸಾಯಬಾರದು. ಅವಳ ಮಾವ ನಂಜಪ್ಪನಿಗೆ ಮಾತ್ರ ಇದೆಲ್ಲ ದಂಡದ ಕೆಲಸವಾಗಿ ಕಂಡಿತ್ತು.

ಪರದೆ ಯಾಕೆ ಬಿದ್ದಿಲ್ಲ ಎಂಬುದು ಹತ್ತಿರ ಹೋದ ಮೇಲೆ ಗೊತ್ತಾಯಿತು. ಪರದೆ ಇಳಿಸುವ ಹಗ್ಗವನ್ನು ಕಂಬಕಂಬಕ್ಕೂ ಕಟ್ಟಡದ ಕಬ್ಬಿಣ ಬಿಗಿಯುವ ತಂತಿಯಿಂದ ಸುತ್ತಿ ಕಟ್ಟಿದ್ದರು. ಅವಳು ಬೆರಳಿನಿಂದಲೇ ತಂತಿ ಬಿಚ್ಚಲು ಹೋದಳು. ಬೆರಳು ಸೀಳಿತೇ ಹೊರತು ತಂತಿ ಸಡಿಲಲಿಲ್ಲ. ಅಷ್ಟರಲ್ಲಿ ಪಕ್ಕದ ಬಿಲ್ಡಿಂಗಿನ ಕಡೆಯಿಂದ ಮರೆವ್ವ ಓಡಿ ಬಂದಳು. ಮರೆವ್ವ ಮತ್ತು ಅವಳ ಗಂಡ ಯಮನಪ್ಪ ಯಾದಗಿರಿ ಕಡೆಯವರು, ಶೆಡ್ಡಿನ ಮಗ್ಗುಲಿನ ಕೋಣೆಯಲ್ಲಿದ್ದು ಕೋಳಿ ನೋಡಿಕೊಳ್ಳುತ್ತಿದ್ದರು. ಅವಳು ಏನೂ ಕೇಳಲಿಲ್ಲ. ಕೋಣೆಗೆ ನುಗ್ಗಿ ಕುಡುಗೋಲು ತಂದು ಪರದೆಯನ್ನೇ ಸೀಳಿದಳು. ದಪ್ಪ ಪ್ಲಾಸ್ಟಿಕ್ ಪರದೆ ಪರ್ರೆಂದು ಹರಿಯಿತು. ಒಳಗಿನಿಂದ ಒಲೆಯ ಬಾಯಿ ತೆರೆದಂತೆ ಕಾವು ಮುಖಕ್ಕೆ ರಾಚಿತು. ಅವಳು ಸೀಳುತ್ತ ಮುಂದೆ ಹೋದಳು. ಮಂಜುಶ್ರೀ ಸೀಳಿದ್ದನ್ನು ಎಳೆದು ಕೆಡವುತ್ತ ಹಿಂದೆ ಹೋದಳು.

ಒಳಗೆ ಸದ್ದೇ ಇರಲಿಲ್ಲ. ಬದುಕಿದ್ದವು ಕೊಕ್ಕು ತೆರೆದು, ರೆಕ್ಕೆ ಚಾಚಿ, ಕತ್ತು ಮೇಲಕ್ಕೆತ್ತಿ ನಿಂತಿದ್ದವು. ಫ್ಯಾನಿನ ಕಡೆಗೆ ನುಗ್ಗಿದವು ಒಂದರ ಮೇಲೊಂದು ಬಿದ್ದು ಗುಡ್ಡೆಯಾಗಿದ್ದವು. ಗುಡ್ಡೆಯ ಅಡಿಯಿಂದ ಎಳೆದ ಕೋಳಿ ಕೈಯಲ್ಲಿ ಬಿಸಿ ಮುದ್ದೆಯಂತಿತ್ತು. ಇಬ್ಬರೂ ಜೀವವಿದ್ದವನ್ನು ಹಿಡಿದು ಹಿಡಿದು ನೆರಳಿಗೆ ಹಾಕಿದರು. ಯಮನಪ್ಪನೂ ಬಂದು ಸೇರಿದ. ಅವನ ಕೈಗೆಲ್ಲ ಸುಣ್ಣದ ಬಣ್ಣ ಮೆತ್ತಿತ್ತು. ಕರೆಂಟ್ ಮರಳಿ ಬಂದು ಫ್ಯಾನುಗಳು ತಿರುಗಿದಾಗ ಅರ್ಧಕ್ಕಿಂತ ಹೆಚ್ಚು ಕೋಳಿ ಸತ್ತಿದ್ದವು.

ಮಂಜುಶ್ರೀ ಪ್ಯಾನೆಲ್ ಬಾಗಿಲು ತೆರೆದು ನೋಡಿದಳು. ಸೈರನ್ನಿನ ವೈರನ್ನು ಕಿತ್ತು, ತುದಿಗೆ ನೀಟಾಗಿ ಕಪ್ಪು ಟೇಪು ಸುತ್ತಿದ್ದರು. ಅವಳು ಬರುವ ಮೊದಲೇ ಜನರೇಟರ್ ಶುರುವಾಗಿತ್ತು, ಆದರೆ ಬೆಲ್ಟ್ ಹರಿದು ಕಾದು ನಿಂತುಹೋಗಿತ್ತು. ಯಂತ್ರ ಕೆಡುವುದು ಇದ್ದದ್ದೇ. ಕೆಟ್ಟಾಗ ಕಾಯಬೇಕಾದ ಎರಡನ್ನೂ ಯಾರೋ ಕೈಯಾರೆ ಕೊಂದಿದ್ದರು.

ಯಾರು ಮಾಡಿದ್ದು ಎಂದು ಅವಳು ಯಮನಪ್ಪನನ್ನು ಕೇಳಿದಳು. ಹೇಳಿದವಳು ಮರೆವ್ವ.

ಶೆಡ್ಡಿನ ಪಕ್ಕದ ಜಮೀನಿನಲ್ಲಿ ನಂಜಪ್ಪ ಬಾಡಿಗೆಗೆಂದು ನಾಲ್ಕು ಅಂತಸ್ತಿನ ಬಿಲ್ಡಿಂಗ್ ಎಬ್ಬಿಸಿದ್ದ. ಅದನ್ನು ಕೆಲಸಕ್ಕೆ ಹೊಸದಾಗಿ ಸೇರಿದ ತಮ್ಮ ಹುಡುಗರ ವಾಸಕ್ಕಾಗಿ ಪೂರ್ತಿ ಲೀಸಿಗೆ ಹಿಡಿಯಲು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯವರು ಅವತ್ತು ನೋಡಲು ಬರುವವರಿದ್ದರು. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಅವರು ಬಂದಿರುವಾಗಲೇ ಪರದೆ ಬಿದ್ದು ಕೋಳಿಗೊಬ್ಬರದ ನಾತ ಬಿಲ್ಡಿಂಗಿಗೆ ಹೊಡೆದರೆ? ಸೈರನ್ ಬಾಯಿಬಡಿದುಕೊಂಡರೆ? ಸೊಸೆ ಸರ್ಜಾಪುರಕ್ಕೆ ಹೊರಟ ಮೇಲೆ ನಂಜಪ್ಪ ಯಮನಪ್ಪನನ್ನು ಕರೆದು ಪರದೆ ಕಟ್ಟಲು, ವೈರ್ ಕೀಳಲು ಹೇಳಿದ. ಅಕ್ಕಾರು ಬೈತಾರೆ ಎಂದು ಯಮನಪ್ಪ ಹಿಂದೆಮುಂದೆ ನೋಡಿದಾಗ, ಜಾಗ ಯಾರದ್ದು, ನನ್ನದಾ ಅವಳದ್ದಾ ಎಂದು ಗದರಿದ. ಅದು ಮುಗಿದ ಮೇಲೆ ಗಂಡನನ್ನು ಗೋಡೆಗೆ ಸುಣ್ಣ ಹೊಡೆಯಲು, ಹೆಂಡತಿಯನ್ನು ಮೆಟ್ಟಿಲು ತೊಳೆಯಲು ಬಿಲ್ಡಿಂಗಿಗೆ ಕರೆದುಕೊಂಡು ಹೋದ. ನೋಡಲು ಬಂದವರು ಕಾರು ಹತ್ತಿ ಹೋದ ಮೇಲಷ್ಟೇ ಮರೆವ್ವನಿಗೆ ಫ್ಯಾನಿನ ಸದ್ದಿಲ್ಲ ಎಂಬುದು ಗಮನಕ್ಕೆ ಬಂದದ್ದು.

ಸಂಜೆ ಜೆಸಿಬಿ ತರಿಸಿ ಗುಂಡಿ ತೋಡಿಸಿದರು. ಮಂಜುಶ್ರೀ ಗುಂಡಿಯ ಅಂಚಿನಲ್ಲಿ ನಿಂತು ಪ್ರತಿ ಬುಟ್ಟಿ ಬೀಳುವುದನ್ನೂ ನೋಡಿದಳು. ಮರಿಗಳಾಗಿ ಬಂದ ದಿನದಿಂದ ಅವುಗಳ ಮಧ್ಯೆ ಓಡಾಡಿದವಳು ಅವಳು. ಮಾರಾಟವಾಗಿ ಕತ್ತಿಯ ಕೆಳಗೆ ಹೋಗುವ ಜೀವಗಳೇ ಇರಬಹುದು, ಆದರೆ ಹೀಗೆ ಬಾಯಿ ತೆರೆದುಕೊಂಡು ಗಾಳಿಗೆ ಹಂಬಲಿಸಿ ಸಾಯಲು ಅವೇನು ಮಾಡಿದ್ದವು? ಅವಳಿಗೆ ಅಳು ಬರಲಿಲ್ಲ.

ನಂಜಪ್ಪ ಗುಂಡಿ ಮುಚ್ಚುವ ಹೊತ್ತಿಗೆ ಬಂದ. ಬಂದವನು ನೇರ ಯಮನಪ್ಪನ ಮೇಲೆ ಹಾರಿಬಿದ್ದ. ಅನ್ನ ತಿನ್ನುವ ಜಾಗಕ್ಕೆ ಮಣ್ಣು ಹಾಕಿದೆ, ಬಿದ್ದುಕೊಂಡಿದ್ದೆಯಾ, ಸ್ಟೇಷನ್ನಿಗೆ ಹಾಕಿಸುತ್ತೇನೆ ಎಂದೆಲ್ಲ ಕೂಗಾಡಿದ. ಜೆಸಿಬಿಯವನು, ರಸ್ತೆಯಲ್ಲಿ ನಿಂತ ನಾಲ್ಕು ಜನ, ಎಲ್ಲರೂ ಯಮನಪ್ಪನ ಮುಖ ನೋಡಿದರು. ಸುಳ್ಳನ್ನು ಅಷ್ಟು ದೊಡ್ಡ ದನಿಯಲ್ಲಿ, ಅಷ್ಟು ಸಲೀಸಾಗಿ ಹೇಳಬಹುದು ಎಂಬುದನ್ನು ಮಂಜುಶ್ರೀ ಆವರೆಗೆ ಕಂಡಿರಲಿಲ್ಲ.

ಮನೆಗೆ ಬಂದ ಮೇಲೆ ನಂಜಪ್ಪ ಮಗ ಸೊಸೆಯರನ್ನು ಊಟಕ್ಕೆ ಕೂರಿಸಿಕೊಂಡು ಸಮಾಧಾನದಿಂದಲೇ ಮಾತಾಡಿದ. ಮರಿ, ಆಹಾರ ಕೊಡುವ ಕೋಳಿ ಕಂಪನಿಯ ಸೂಪರ್‌ವೈಸರ್ ಬೆಳಗ್ಗೆ ಬರುತ್ತಾನೆ. ಆಳು ಕೇಳದೆ ಪರದೆ ಕಟ್ಟಿ ಎಲ್ಲೋ ಹೋಗಿದ್ದ ಎಂದರೆ ಕಂಪನಿಯೂ ಮುಂದಿನ ಬ್ಯಾಚ್ ನಿಲ್ಲಿಸುವುದಿಲ್ಲ, ಬಿಲ್ಡಿಂಗಿನ ಮಾತೂ ಹೊರಗೆ ಬರುವುದಿಲ್ಲ. ಅವರು ಬೇರೆ ಊರಿನವರು, ನಾಳೆ ಇನ್ನೆಲ್ಲೋ ಕೆಲಸ ಹುಡುಕಿಕೊಳ್ಳುತ್ತಾರೆ.

ಮಂಜುಶ್ರೀ ಗಂಡನ ಮುಖ ನೋಡಿದಳು. ದೀಪು ಸೈಟು ಮಾರಿಸುವ ವ್ಯವಹಾರ ಮಾಡುತ್ತಿದ್ದವನು, ಹತ್ತು ಜನರ ನಡುವೆ ಮಾತಾಡಿ ಒಪ್ಪಿಸುವವನು. ಅವನು ಮೊಬೈಲು ನೋಡುತ್ತ ಕೂತಿದ್ದ. ಅವಳು ತಟ್ಟೆ ತಳ್ಳಿ ಎದ್ದಳು.

ಬೆಳಗ್ಗೆ ಸೂಪರ್‌ವೈಸರ್ ಪರಮಾನಂದ ಬಂದ. ಹರಿದ ಪರದೆ, ತಂತಿ, ಟೇಪು ಸುತ್ತಿದ ವೈರ್ ಎಲ್ಲದರ ಫೋಟೊ ತೆಗೆದ. ಆಮೇಲೆ ಶೆಡ್ಡಿನ ಮುಂದೆ ಕುರ್ಚಿ ಹಾಕಿ ಕೂತು, ಪರದೆ ಕಟ್ಟಿದ್ದು ಯಾರು ಎಂದು ಕೇಳಿದ. ನಂಜಪ್ಪ ಕೈ ತೋರಿಸಿದ.

"ಇವ್ನೇ ಕಟ್ಟಿರಾದು ಸಾರ್. ಬೇಕಾರೆ ಅವನನ್ನೇ ಕೇಳಿ, ಇಲ್ಲ ಅನ್ಲಿ ನೋಡಾಣ."

ಯಮನಪ್ಪ ಟವೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. "ಹೌದ್ರೀ ಸಾಹೇಬ್ರ, ನಾನ ಕಟ್ಟೀನ್ರೀ," ಅಂದ.

ಅಷ್ಟು ಹೇಳಿ ಅವನು ನಿಲ್ಲಿಸಿಬಿಟ್ಟ. ಯಾಕೆ ನಿಲ್ಲಿಸಿದ ಎಂಬುದು ಮಂಜುಶ್ರೀಗೆ ಅರ್ಥವಾಯಿತು. ಅವನು ಮಲಗುವ ಕೋಣೆ ನಂಜಪ್ಪನದು, ಕುಡಿಯುವ ನೀರು ನಂಜಪ್ಪನ ಬೋರಿನದು, ಸ್ಟೇಷನ್ನಿನಲ್ಲಿರುವವರು ನಂಜಪ್ಪನ ಪರಿಚಯದವರು. ಗುಡ್ಡೆಯ ಅಡಿಯಿಂದ ಜೀವ ಎಳೆದ ಮನುಷ್ಯ ಇವತ್ತು ಕೊಲೆಗಾರನಂತೆ ತಲೆ ತಗ್ಗಿಸಿ ನಿಂತಿದ್ದಾನೆ, ಕೊಂದವನು ಇಸ್ತ್ರಿಯ ಬಿಳಿ ಅಂಗಿ ಹಾಕಿ ಕುರ್ಚಿಯಲ್ಲಿ ಕೂತಿದ್ದಾನೆ.

ಮರೆವ್ವ ಗಂಡನ ಪಕ್ಕಕ್ಕೆ ಬಂದಳು. "ಕಟ್ಟೀನಿ ಅಂದ್ರ ಮುಗೀತೇನು? ಯಾರು ಕಟ್ಟು ಅಂದ್ರು, ಅದನ್ನೂ ಹೇಳು."

"ಏಯ್, ನಿನ್ನನ್ನ ಯಾರು ಕೇಳಿದ್ರು?" ನಂಜಪ್ಪ ಎದ್ದ.

"ನಾನು ಕೇಳ್ತಿದೀನಿ ಮಾವ," ಮಂಜುಶ್ರೀ ಅಂದಳು. "ಪರದೆ ಕಟ್ಸಿದ್ದು ನೀವು. ಸೈರನ್ ವೈರ್ ಕೀಳ್ಸಿದ್ದು ನೀವು. ಶೆಡ್ಡಲ್ಲಿ ಇರ್ಬೇಕಾದೋರನ್ನ ನಿಮ್ ಬಿಲ್ಡಿಂಗ್ ಮೆಟ್ಲು ತೊಳೆಯೋಕೆ ಕರ್ಕೊಂಡ್ ಹೋಗಿದ್ದೂ ನೀವೇ. ಇಷ್ಟೆಲ್ಲ ಮಾಡಿ ಇವತ್ತು ಇವ್ರನ್ನ ಕಳ್ಳರ ಥರ ನಿಲ್ಸಿದೀರಲ್ಲ, ನಾಚಿಕೆ ಆಗಲ್ವಾ ನಿಮ್ಗೆ?"

ಮಾವನ ಎದುರು ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ಮನೆಗೆ ಹೋಗು ಎಂದು ದೀಪು ಅವಳ ತೋಳು ಹಿಡಿದ. ಅವಳು ಕೊಡವಿಕೊಂಡಳು.

ಪರಮಾನಂದನಿಗೆ ಮುಜುಗರವಾಯಿತು. ಅವನು ಕೆಟ್ಟವನೇನಲ್ಲ, ಕೆಲಸ ಬೇಗ ಮುಗಿದರೆ ಸಾಕು ಎನ್ನುವ ಜಾತಿಯವನು. ಮಂಜುಶ್ರೀಯನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ. "ಮೇಡಂ, ಸ್ವಲ್ಪ ಯೋಚ್ನೆ ಮಾಡಿ. ಆಳು ಮಾಡಿದ್ದು ಅಂದ್ರೆ ಇಲ್ಲಿಗೇ ಮುಗಿಯುತ್ತೆ. ಮಾಲೀಕರೇ ಅಲಾರಂ ತೆಗ್ಸಿದ್ರು ಅಂತ ಬರೆದ್ರೆ ನಿಮಗೆ ಕಂಪನಿ ಇನ್ನು ಮರಿ ಕೊಡಲ್ಲ."

"ತಪ್ಪು ಮಾಲೀಕರದ್ದೇ. ಅದನ್ನೇ ಬರ್ಕೊಳ್ಳಿ."

"ಶೆಡ್ಡು ಖಾಲಿ ಬೀಳುತ್ತೆ ಮೇಡಂ."

"ಬೀಳ್ಲಿ."

ಅವನು ಬರೆದುಕೊಂಡ. ಮಂಜುಶ್ರೀ ನಿಂತು ಓದಿಸಿ ಕೇಳಿದಳು. ನಂಜಪ್ಪ ಚಪ್ಪಲಿ ಮೆಟ್ಟಿಕೊಂಡು, ಯಾರ ಕಡೆಗೂ ನೋಡದೆ ಬಿಲ್ಡಿಂಗಿನ ಕಡೆ ಹೊರಟುಹೋದ. ಪೊಲೀಸರ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಮನೆ ಮಾತನ್ನು ಹೊರಗಿನವರ ಮುಂದೆ ಹಾಕಬಾರದಿತ್ತು ಎಂದು ದೀಪು ಅವತ್ತು ಮತ್ತೆ ಮತ್ತೆ ಹೇಳಿದ. ಮನೆಯ ಕೆಲಸವನ್ನು ಹೊರಗಿನವರ ತಲೆಗೆ ಕಟ್ಟಬಹುದಾದರೆ ಮನೆಯ ಮಾತನ್ನು ಅವರ ಮುಂದೆ ಯಾಕೆ ಆಡಬಾರದು ಎಂದು ಅವಳು ಕೇಳಿದಳು. ಅಪ್ಪನಿಗೆ ವಯಸ್ಸಾಯಿತು ಅಂದ. ಯಮನಪ್ಪನಿಗೂ ಆಗುತ್ತದೆ ಅಂದಳು.

ಕೆಲಸಕ್ಕೆ ಏನೂ ತೊಂದರೆಯಾಗದು, ಇದ್ದುಬಿಡಿ ಎಂದು ಅವಳು ಗಂಡ ಹೆಂಡತಿ ಇಬ್ಬರಿಗೂ ಹೇಳಿದಳು. ಯಮನಪ್ಪ ತಲೆಯಾಡಿಸಿದ. ಆದರೆ ಆ ವಾರದಲ್ಲೇ ಮರೆವ್ವ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿರುವುದು ಕಂಡಿತು. ಟಿ. ದಾಸರಹಳ್ಳಿಯಲ್ಲಿ ಅವರ ಊರಿನವರು ಒಂದು ಕೋಣೆ ನೋಡಿಟ್ಟಿದ್ದರು, ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಯಮನಪ್ಪನಿಗೆ ಕೆಲಸವೂ ಸಿಕ್ಕಿತ್ತು. ಮಂಜುಶ್ರೀ ಬಾಗಿಲಲ್ಲಿ ನಿಂತಳು.

"ನೀವು ನಮ್ಮ ಕಡೆ ಮಾತಾಡಿದ್ರಿ ಅಕ್ಕಾರ, ಅದನ್ನ ನಾ ಮರೆಯಂಗಿಲ್ಲ," ಅಂದಳು ಮರೆವ್ವ. "ಖರೇ ಹೇಳಾಕ ನಾವೂ ಇದ್ವಿ. ಆದ್ರ ನಿಮ್ಮ ಬಾಯಿಂದ ಬರೂ ಮಟ ಅದು ಖರೇ ಆಗ್ಲಿಲ್ಲ ನೋಡ್ರಿ. ಅಂಥ ಜಾಗದಾಗ ಹೆಂಗ ಇರಾದು?"

ಮಂಜುಶ್ರೀ ಅವರನ್ನು ಬಸ್ ಸ್ಟಾಪಿನವರೆಗೆ ಬಿಟ್ಟು ಬಂದಳು. ದಾರಿಯುದ್ದಕ್ಕೂ ಆ ಮಾತು ಅವಳನ್ನು ಚುಚ್ಚಿತು. ಅದು ತನ್ನ ಮೇಲಿನ ಸಿಟ್ಟಲ್ಲ ಎಂದು ಗೊತ್ತಿದ್ದರೂ ಚುಚ್ಚಿತು.

ಕಂಪನಿ ಹೇಳಿದಂತೆಯೇ ಮರಿ ನಿಲ್ಲಿಸಿತು. ಮಳೆಗಾಲ ಪೂರ್ತಿ ಶೆಡ್ಡು ಖಾಲಿ ಬಿತ್ತು. ಎಲೆಕ್ಟ್ರಾನಿಕ್ ಸಿಟಿಯವರು ಬಿಲ್ಡಿಂಗನ್ನು ಲೀಸಿಗೆ ಹಿಡಿದರು. ನಂಜಪ್ಪ ಅದರ ನೆತ್ತಿಗೆ ಸೀರಿಯಲ್ ಸೆಟ್ ದೀಪ ಕಟ್ಟಿಸಿದ. ಶೆಡ್ಡನ್ನು ಗೋಡೌನ್ ಮಾಡೋಣ ಎಂದು ದೀಪುವಿನ ಬಾಯಲ್ಲಿ ಹೇಳಿಸಿದ. ಅವಳು ಒಪ್ಪಲಿಲ್ಲ. ಹೊಸಕೋಟೆ ಕಡೆಯ ಇನ್ನೊಂದು ಕೋಳಿ ಕಂಪನಿಯವರನ್ನು ಹುಡುಕಿ, ಹಿಂದೆ ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಅವರು ಎರಡು ಸಲ ಬಂದು ನೋಡಿ, ಪ್ಯಾನೆಲ್ ಕೋಣೆಯ ಬೀಗದ ಕೈ ಅವಳೊಬ್ಬಳ ಹತ್ತಿರವೇ ಇರಬೇಕೆಂದು ಷರತ್ತು ಹಾಕಿ, ದಸರಾ ಕಳೆದ ಮೇಲೆ ಮರಿ ಇಳಿಸಿದರು. ನಂಜಪ್ಪ ಅವಳೊಡನೆ ಮಾತು ಬಿಟ್ಟಿದ್ದ. ಊಟಕ್ಕೆ ಅವಳು ಬಡಿಸಿದರೆ ತಟ್ಟೆಯ ಕಡೆ ನೋಡಿಕೊಂಡೇ ಉಂಡು ಏಳುತ್ತಿದ್ದ.

ಊರಿನಲ್ಲಿ ಮಾತ್ರ ಅವನು ಬೇರೆ ಕಥೆ ಹಬ್ಬಿಸಿದ್ದ. ಕರೆಂಟ್ ಹೋಗಿ ಹಾಗಾಯಿತು, ನಮ್ಮ ಗ್ರಹಚಾರ, ಯಾರನ್ನು ಏನು ಅನ್ನೋದು, ಅಂತ. ಕೇಳಿದವರು ಲೊಚಗುಟ್ಟುತ್ತಿದ್ದರು.

ಕಾರ್ತಿಕದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಎಲ್ಲರೂ ಹೋಗಿದ್ದರು. ಊಟದ ಸಾಲಿನಲ್ಲಿ ನಂಜಪ್ಪ ಎದುರಿಗೇ ಕೂತಿದ್ದ. ಮಂಜುಶ್ರೀಯ ಪಕ್ಕಕ್ಕೆ ಕೂತ ಮುನಿಯಕ್ಕ ಎಂಬ ಹಿರಿಯ ಹೆಂಗಸು ಅವಳ ಕೈ ಹಿಡಿದು, ಪಾಪ, ಅಷ್ಟೊಂದು ಕೋಳಿ ಕರೆಂಟಿಗೆ ಹೋಗಿಬಿಟ್ಟವಂತಲ್ಲ ಎಂದು ಮರುಗಿದಳು. ಮಂಜುಶ್ರೀ ಎಲೆಯಿಂದ ಕೈ ತೆಗೆದಳು.

"ಕರೆಂಟಿಂದ ಅಲ್ಲ ಮುನಿಯಕ್ಕ," ಅಂದಳು, ಎದುರಿನ ಸಾಲಿಗೂ ಕೇಳುವಂತೆ. "ಕರೆಂಟ್ ಹೋದ್ರೂ ಬದುಕ್ಲಿ ಅಂತ ಪರದೆ, ಸೈರನ್ ಎರಡೂ ಹಾಕ್ಸಿದ್ವಿ. ಎರಡನ್ನೂ ನಮ್ಮ ಮಾವ ಕಟ್ಟಿಹಾಕ್ಸಿದ್ರು, ಬಿಲ್ಡಿಂಗ್ ನೋಡೋಕೆ ಬಂದೋರಿಗೆ ವಾಸ್ನೆ ಬರ್ಬಾರ್ದು ಅಂತ."

ಸಾಂಬಾರು ಬಡಿಸುತ್ತಿದ್ದವನು ಸೌಟು ಹಿಡಿದು ನಿಂತ. ನಂಜಪ್ಪ ತಲೆ ಎತ್ತಲಿಲ್ಲ, ಅನ್ನ ಕಲಸುತ್ತಲೇ ಇದ್ದ. ಮುನಿಯಕ್ಕ ಅವನನ್ನೊಮ್ಮೆ, ಇವಳನ್ನೊಮ್ಮೆ ನೋಡಿ, ಹಿಡಿದಿದ್ದ ಕೈಯನ್ನು ಬಿಡದೆ, ಆ ಆಳುಮಕ್ಕಳು ಏನಾದರು ಎಂದು ಕೇಳಿದಳು. ಮಂಜುಶ್ರೀ ಅವರ ಹೆಸರಿನಿಂದ ಶುರುಮಾಡಿ ಎಲ್ಲವನ್ನೂ ಹೇಳತೊಡಗಿದಳು.